ಬೆಂಗಳೂರು ಬಿಡೋದಾ, ಬೇಡ್ವಾ: ನಾವು ಲೆಕ್ಕ ಹಾಕಿದ ರೀತಿ

ಬೆಂಗಳೂರು ಬಿಡಬೇಕು ಅನ್ನುವವರು ಮೊದಲು ಬಾಡಿಗೆ ಲೆಕ್ಕ ಹಾಕುತ್ತಾರೆ. ನಾವೂ ಹಾಕಿದೆವು. ಹೊರಮಾವಿನ ಎರಡು ಬೆಡ್‌ರೂಮಿನ ಮನೆಗೆ 28,000 ರೂಪಾಯಿ, ಮೇಂಟೆನೆನ್ಸ್ ಬೇರೆ. ಶಿವಮೊಗ್ಗದಲ್ಲಿ ಅದಕ್ಕಿಂತ ದೊಡ್ಡ ಮನೆ 14,000ಕ್ಕೆ. ಈ ಲೆಕ್ಕದಲ್ಲಿ ಬೆಂಗಳೂರು ಯಾವತ್ತೂ ಸೋಲುತ್ತದೆ. ಹಾಗಾಗಿಯೇ ಅದನ್ನು ನಂಬಿಕೊಂಡು ಏನೂ ತೀರ್ಮಾನ ಮಾಡೋಕಾಗಲ್ಲ. ನಮ್ಮ ತೀರ್ಮಾನ ನಿಂತಿದ್ದು ಬೇರೆ ಪ್ರಶ್ನೆಯ ಮೇಲೆ: ನನ್ನ ವರ್ಕ್ ಫ್ರಮ್ ಹೋಮ್ ನಾಳೆ ನಿಂತುಹೋದರೆ, ಯಾವ ಊರಲ್ಲಿದ್ದರೆ ಸಂಸಾರ ನಡೆಯುತ್ತದೆ?

ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್. ಹೆಂಡತಿ ಔಟರ್ ರಿಂಗ್ ರೋಡಿನ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡುತ್ತಿದ್ದಳು. ಮಗಳು ಯುಕೆಜಿ. ನನ್ನ ಊರು ತೀರ್ಥಹಳ್ಳಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಮನೆಯ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾಯುವುದೇ ಒಂದು ಕೆಲಸ ಆದಾಗ, ಸುಮ್ನೆ ಮಾತಲ್ಲಿದ್ದ 'ಊರಿಗೆ ಹೋಗಿಬಿಡೋಣ' ಗಂಭೀರವಾಯಿತು.

ನಾನು ಹಳ್ಳಿಯ ಮನೆಗೇ ಹೋಗೋಣ ಅಂದೆ. ಅವಳು ಬೆಳೆದಿದ್ದು ರಾಜಾಜಿನಗರದಲ್ಲಿ. 'ನಿನಗೆ ಅದು ಊರು, ನನಗೆ ಅತ್ತೆ ಮನೆ' ಅಂದಳು. ಜಗಳದ ದನಿಯಲ್ಲಿ ಅಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೆ. ಅಲ್ಲಿ ನನಗೆ ಹೈಸ್ಕೂಲ್ ಗೆಳೆಯರು, ಕಾಫಿ, ತೋಟ ಎಲ್ಲ ಇದೆ. ಅವಳಿಗೆ ಕೆಲಸ ಇಲ್ಲ, ಗೆಳತಿಯರಿಲ್ಲ, ಸ್ಕೂಟರ್ ಹತ್ತಿ ಹೋಗೋಕೆ ಜಾಗವಿಲ್ಲ. ತಮ್ಮ ಊರಿಗೆ ಹೋಗುವ ವಿಚಾರ ಮಾಡುವ ಎಲ್ಲ ಗಂಡಸರೂ ಈ ಮಾತನ್ನು ಮೊದಲೇ ಕೇಳಿಸಿಕೊಂಡರೆ ಒಳ್ಳೆಯದು.

ಆದರೂ ನೋಡಿಯೇ ಬಿಡೋಣ ಅಂತ ಹೋದೆವು. ದಸರಾ ರಜೆಯಲ್ಲಿ ಅಲ್ಲ, ಜುಲೈ ಮಳೆಯಲ್ಲಿ, ಇಬ್ಬರೂ ಲ್ಯಾಪ್‌ಟಾಪ್ ಹಿಡಿದುಕೊಂಡು. ಮಲೆನಾಡು ಅಕ್ಟೋಬರಿನಲ್ಲಿ ಎಲ್ಲರಿಗೂ ಚೆಂದವೇ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಯಿತು. ಇನ್ವರ್ಟರ್ ಇದೆ ಅಂತ ಧೈರ್ಯವಾಗಿದ್ದೆ. ಸ್ವಲ್ಪ ಹೊತ್ತಿಗೆ ಮೊಬೈಲ್ ಟವರ್ ಕೂಡ ಸತ್ತಿತು. ನಮ್ಮ ಇನ್ವರ್ಟರ್ ಟವರ್‌ಗೆ ಏನು ಮಾಡುತ್ತೆ? ಮೀಟಿಂಗ್ ಬಿಟ್ಟು ತೀರ್ಥಹಳ್ಳಿ ಪೇಟೆಗೆ ಬೈಕಲ್ಲಿ ಹೋಗಿ ಕೂತೆ. ಮಗಳಿಗೆ ಥಂಡಿಗೆ ಉಬ್ಬಸ ಬರುತ್ತದೆ. ರಾತ್ರಿ ಹೊತ್ತು ಮಕ್ಕಳ ಡಾಕ್ಟರ್ ಎಷ್ಟು ದೂರ ಅನ್ನುವುದು ನಮ್ಮ ಪಟ್ಟಿಯಲ್ಲಿ ಮೇಲಕ್ಕೆ ಬಂತು. ಇನ್ನು ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಅದು ಇವತ್ತಿಗೂ ಬೇಸಿಗೆ ಬಂದರೆ ನಮ್ಮ ಕಡೆ ಕಾಡುತ್ತದೆ. ಕಾಡಿನಿಂದ ಸೊಪ್ಪು ತರುವ ಮನೆಗಳಲ್ಲಿ ಅದನ್ನು ಹರಡುವ ಉಣುಗಿನ ಭಯ ಸುಳ್ಳಲ್ಲ.

ಅಪ್ಪಯ್ಯನ ಮಾತು ಇನ್ನೂ ಸಲೀಸು ಮಾಡಿತು. 'ಬರೋದಾದ್ರೆ ನಿಮ್ಮ ಸಲುವಾಗಿ ಬನ್ನಿ. ನಮ್ಮನ್ನ ನೋಡ್ಕೊಳ್ಳೋಕೆ ಅಂತ ಬಂದು ಆಮೇಲೆ ಮುಖ ಸಿಂಡರಿಸಬೇಡಿ' ಅಂದರು.

ಅಲ್ಲಿಗೆ ಹಳ್ಳಿ ಬಿಟ್ಟು ಶಿವಮೊಗ್ಗ ಅಂತಾಯಿತು. ಕಾರಣ ಮುಖ್ಯವಾಗಿ ರೈಲು. ತೀರ್ಥಹಳ್ಳಿಗೆ ರೈಲೇ ಇಲ್ಲ. ಶಿವಮೊಗ್ಗದಲ್ಲಿ ಬೆಳಗಿನ ಜಾವ ಜನಶತಾಬ್ದಿ ಹತ್ತಿದರೆ ಹತ್ತರ ಸುಮಾರಿಗೆ ಬೆಂಗಳೂರು, ಸಂಜೆ ವಾಪಸ್ ಬರುವುದಕ್ಕೂ ಇದೆ. ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆಯಿತು, ಆದರೆ ಕೆಲಸದ ಲೆಕ್ಕಕ್ಕೆ ನಾವು ಹಿಡಿದದ್ದು ರೈಲನ್ನೇ. ಆಫೀಸಿನವರು ವಾರಕ್ಕೆ ಮೂರು ದಿನ ಬಾ ಅಂದರೆ ಪಿಜಿಯಲ್ಲಿ ಇದ್ದು ಬರಬಹುದು. ಕಷ್ಟ, ಆದರೆ ಆಗದ ಮಾತಲ್ಲ. ಕೆಲಸವೇ ಹೋದರೆ? ಅದಕ್ಕೆ ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ ಇಟ್ಟ ಮೇಲೆಯೇ ಹೊರಟೆವು. ಮ್ಯಾನೇಜರ್ 'ಏನೂ ತೊಂದರೆ ಇಲ್ಲ, ಹೋಗಿ' ಅಂದಿದ್ದರು. ಬಾಯಿ ಮಾತು ಬೇಡ ಅಂತ ಎಚ್‌ಆರ್‌ನಿಂದ ಮೇಲ್ ತರಿಸಿಕೊಂಡೆ. ಮ್ಯಾನೇಜರ್ ಬದಲಾಗುತ್ತಾರೆ, ಅಲ್ವಾ?

ದೊಡ್ಡ ನಷ್ಟ ಅವಳ ಸಂಬಳದ್ದು. ಶಿವಮೊಗ್ಗದಲ್ಲಿ ಒಂದು ಖಾಸಗಿ ಕಾಲೇಜಿನಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು, ಅರ್ಧಕ್ಕಿಂತ ಕಡಿಮೆ ಸಂಬಳಕ್ಕೆ. ಬಾಡಿಗೆ, ಸ್ಕೂಲ್ ಫೀಸ್, ವ್ಯಾನ್, ಪೆಟ್ರೋಲ್‌ನಲ್ಲಿ ಉಳಿದದ್ದೆಲ್ಲ ಸೇರಿಸಿದರೂ ಆ ಕೊರತೆ ಪೂರ್ತಿ ತುಂಬಲಿಲ್ಲ. ನಾನು ಹಳೆ ಟ್ಯಾಕ್ಸ್ ಪದ್ಧತಿಯಲ್ಲಿದ್ದೆ. ಬಾಡಿಗೆ ಇಳಿದಾಗ ಎಚ್‌ಆರ್‌ಎ (ಬಾಡಿಗೆ ಭತ್ಯೆ) ಮೇಲಿನ ಟ್ಯಾಕ್ಸ್ ವಿನಾಯಿತಿಯೂ ಇಳಿಯಿತು. ಅಂದರೆ ತಿಂಗಳಿಗೆ ಕೈಗೆ ಉಳಿಯುವ ದುಡ್ಡು ಮೊದಲಿಗಿಂತ ಕಡಿಮೆಯೇ. ಬೆಂಗಳೂರು ಬಿಟ್ಟರೆ ದುಡ್ಡು ಉಳಿಯುತ್ತೆ ಅನ್ನೋದು ಇಬ್ಬರೂ ಹಳೆ ಸಂಬಳವನ್ನೇ ತರುವ ಮನೆಗೆ ಮಾತ್ರ ನಿಜ. ಹೋಗೋಣ ಅಂತ ಕೊನೆಗೆ ಅಂದದ್ದು ಅವಳೇ. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ ದಾಟಿ ಮನೆ ಸೇರುವಾಗ ಮಗಳು ಊಟ ಮಾಡಿ ಮಲಗಿರುತ್ತಿದ್ದಳು. ಈಗ ಐದೂವರೆಗೆ ಅವಳು, ಮಗಳು ಇಬ್ಬರೂ ಮನೆಯಲ್ಲಿರುತ್ತಾರೆ. ಅದಕ್ಕೆ ಸಂಬಳದಲ್ಲಿ ಎಷ್ಟು ಬಿಡಬಹುದು ಅನ್ನೋದನ್ನು ನಾನು ಹೇಳುವ ಹಾಗಿರಲಿಲ್ಲ, ಅವಳೇ ಹೇಳಬೇಕಿತ್ತು.

ಹೋಗುವವರಿಗೆ ಕೆಲವು ಮಾತು. ಡಿಸೆಂಬರ್ ಒಳಗೆ ತೀರ್ಮಾನ ಮಾಡಿ. ಆಮೇಲೆ ಬೆಂಗಳೂರಿನ ಎಷ್ಟೋ ಸ್ಕೂಲುಗಳು ಮುಂದಿನ ವರ್ಷದ ಫೀಸ್ ಕೇಳೋಕೆ ಶುರು ಮಾಡುತ್ತವೆ, ಕಟ್ಟಿದ್ದು ವಾಪಸ್ ಬರೋದು ಕಷ್ಟ. ಮಗು ಒಂದನೇ ತರಗತಿ ಸೇರುವ ಮುಂಚೆ ಹೋದರೆ ಟಿಸಿ ಓಡಾಟವೂ ಜಾಸ್ತಿ ಇರಲ್ಲ. ಹೆಲ್ತ್ ಇನ್ಶೂರೆನ್ಸ್‌ನ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಹೊಸ ಊರಿನ ಯಾವ ಆಸ್ಪತ್ರೆಗಳಿವೆ ನೋಡಿಕೊಳ್ಳಿ. ದೊಡ್ಡ ಕಾಯಿಲೆಗೆ ಶಿವಮೊಗ್ಗದವರು ಮಣಿಪಾಲಕ್ಕೆ ಹೋಗುವುದುಂಟು, ಅದನ್ನೂ ಪಟ್ಟಿಯಲ್ಲಿ ಹುಡುಕಿ. ಬೆಂಗಳೂರಿನ ಮನೆ ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ, ಅದನ್ನು ಮೊದಲೇ ಲೆಕ್ಕದಿಂದ ಕಳೆದುಬಿಡಿ. ಹೊಸ ಊರಲ್ಲಿ ಸೈಟು ತೋರಿಸುವವರು ಮೊದಲ ವಾರವೇ ಬರುತ್ತಾರೆ. ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆ ಮನೆಯಲ್ಲೇ ಕಳೆಯಿರಿ. ನಾವಿನ್ನೂ ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲೇ ಇದ್ದೇವೆ.