ಮೆಟ್ಟಿಲೇ ಇಲ್ಲದ ಮನೆಯವರಿಗೆ ಮೆಟ್ಟಿಲಿನ ಪ್ರಶ್ನೆ

ದಾವಣಗೆರೆಯ ಆಸ್ಪತ್ರೆಯೊಂದರ ಕಿಮೋ ವಾರ್ಡಿನಲ್ಲಿ ನಾನು ನರ್ಸ್. ಶ್ವಾಸಕೋಶದ ಕ್ಯಾನ್ಸರ್‌ಗೆ ಚಿಕಿತ್ಸೆ ತಗೊಳ್ಳುವವರ ಬದುಕಿನ ಗುಣಮಟ್ಟ ಅಳೆಯುವ ಕೆಲಸವೂ ನನ್ನದೇ. ಗಡ್ಡೆ ಎಷ್ಟು ಕುಗ್ಗಿದೆ ಅಂತ ಸ್ಕ್ಯಾನ್ ಹೇಳುತ್ತೆ. ರಾತ್ರಿ ನಿದ್ದೆ ಬಂತಾ, ಸ್ನಾನಕ್ಕೆ ಯಾರಾದರೂ ಜೊತೆಗಿರಬೇಕಾ ಅನ್ನೋದನ್ನ ಕೇಳಿಯೇ ತಿಳಿಯಬೇಕು.

ನಾವು ಬಳಸೋದು ಯುರೋಪಿನಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡುವ ಇಒಆರ್‌ಟಿಸಿ ಸಂಸ್ಥೆಯ ಎರಡು ಫಾರಂ. ಸಿ30 ಎಲ್ಲ ಬಗೆಯ ಕ್ಯಾನ್ಸರ್‌ಗೂ ಸಲ್ಲುತ್ತದೆ, 30 ಪ್ರಶ್ನೆ. ಎಲ್‌ಸಿ13 ಶ್ವಾಸಕೋಶದವರಿಗೆ ಮಾತ್ರ: ಕೆಮ್ಮು, ಕಫದಲ್ಲಿ ರಕ್ತ, ದಮ್ಮು, ಕೈಕಾಲು ಜೋಮು, ಎದೆ ನೋವು ಇತ್ಯಾದಿ. ಹೆಚ್ಚಿನವು ಕಳೆದ ಒಂದು ವಾರದ ಬಗ್ಗೆ. ಬಹುತೇಕ ಪ್ರಶ್ನೆಗಳ ಉತ್ತರಕ್ಕೆ "ಇಲ್ಲವೇ ಇಲ್ಲ" (1) ಎಂಬುದರಿಂದ "ತುಂಬಾ" (4) ಎಂಬುದರವರೆಗೆ ನಾಲ್ಕು ಹಂತ. ಆಮೇಲೆ ಎಲ್ಲವನ್ನೂ 0ರಿಂದ 100ಕ್ಕೆ ಇಳಿಸುತ್ತೇವೆ. ಓಡಾಟ, ಮನಸ್ಸು, ಕುಟುಂಬ ಜೀವನದ ಅಂಕ ಹೆಚ್ಚಿದ್ದರೆ ಒಳ್ಳೆಯದು. ತೊಂದರೆಗಳದ್ದು ಉಲ್ಟಾ. ಕೆಮ್ಮಿಗೆ 67 ಬಂತು ಅಂದರೆ ಅದು ಫಸ್ಟ್ ಕ್ಲಾಸ್ ಅಲ್ಲ!

ಡ್ರಿಪ್ ಹಾಕುವ ಮುಂಚೆ, ಡಾಕ್ಟರ್ ರೌಂಡ್ಸಿಗೆ ಬರುವ ಮುಂಚೆ ಕೇಳಿ ಮುಗಿಸುತ್ತೇನೆ. ರೋಗಿ ಒಬ್ಬರೇ ಇರಬೇಕು. ಮಗ ಪಕ್ಕದಲ್ಲಿದ್ದರೆ ಉತ್ತರ ಮಗನದ್ದೇ: "ಅಪ್ಪ ಆರಾಮ್ ಅದಾರ್ರೀ ಸಿಸ್ಟರ್." ಹೊರಗೆ ಕರೆದು ಪಿಸುಗುಡುವವರೂ ಇದ್ದಾರೆ, "ಅವ್ರಿಗೆ ಹೇಳಿಲ್ಲ, ಗಡ್ಡೆ ಅಂದೀವಿ ಅಷ್ಟೇ." ಅದಕ್ಕೇನೂ ಅಡ್ಡಿಯಿಲ್ಲ. ಈ ಪ್ರಶ್ನೆಗಳಲ್ಲಿ ಕ್ಯಾನ್ಸರ್ ಅನ್ನೋ ಮಾತೇ ಬರೋದಿಲ್ಲ. ಮಗನನ್ನ ಔಷಧಿ ಚೀಟಿ ಕೊಟ್ಟು ಮೆಡಿಕಲ್ ಶಾಪಿಗೆ ಕಳಿಸಿ ಶುರು ಮಾಡುತ್ತೇನೆ.

ಹೆಚ್ಚು ಹೊತ್ತು ಹಿಡಿಯೋದು ದಮ್ಮಿನ ಮೂರು ಪ್ರಶ್ನೆ. ಸುಮ್ಮನೆ ಕೂತಾಗ, ನಡೆದಾಗ, ಮೆಟ್ಟಿಲು ಹತ್ತಿದಾಗ. ಜಗಳೂರು ಕಡೆಯ ಅಜ್ಜ ಒಬ್ಬರು ಮೂರನೆಯದಕ್ಕೆ ನಕ್ಕೇಬಿಟ್ಟರು: "ನಮ್ಮನಿಗೆ ಮೆಟ್ಲೇ ಇಲ್ವಲ್ಲವ್ವಾ." ಇಂಥಲ್ಲಿ "ಇಲ್ಲವೇ ಇಲ್ಲ"ಕ್ಕೆ ಟಿಕ್ ಹಾಕಬಾರದು, ಖಾಲಿ ಬಿಡಬೇಕು. ಉಳಿದೆರಡರ ಸರಾಸರಿ ತೆಗೆದು ದಮ್ಮಿನ ಅಂಕ ಅಂತ ಬರೆಯುವುದೂ ತಪ್ಪು. ಅಜ್ಜನಿಗೆ ಕೂತಾಗ 1, ನಡೆದಾಗ 2; ಸರಾಸರಿ ಹಾಕಿದ್ದರೆ 100ಕ್ಕೆ 17 ಬಂದು ಹಗುರವಾಗಿ ಕಾಣುತ್ತಿತ್ತು. ಎಲ್ಲಕ್ಕಿಂತ ಜೋರಾಗಿ ದಮ್ಮು ಹತ್ತಿಸುವ ಕೆಲಸವೇ ಲೆಕ್ಕದಿಂದ ಬಿಟ್ಟುಹೋಗಿರುತ್ತದೆ. ಮೆಟ್ಟಿಲಿನ ಉತ್ತರ ಇಲ್ಲದಿದ್ದರೆ ಉಳಿದೆರಡನ್ನು ಬಿಡಿಬಿಡಿಯಾಗಿಯೇ ಇಡಿ ಅಂತ ಇಒಆರ್‌ಟಿಸಿಯ ಅಂಕ ಕೈಪಿಡಿಯೇ ಹೇಳುತ್ತದೆ.

ಪ್ರಶ್ನೆಯ ಮಾತನ್ನು ಬದಲಿಸುವಂತಿಲ್ಲ, ಓದಿದ್ದು ಓದಿದ ಹಾಗೆ. ಎಲ್ಲ ಮುಗಿದ ಮೇಲೆ ನನ್ನದೇ ಒಂದು ಕೇಳುತ್ತೇನೆ, ಅಂಕಕ್ಕೆ ಸೇರಿಸೋದಿಲ್ಲ: ಮೊದಲು ಮಾಡ್ತಿದ್ದ ಯಾವ ಕೆಲಸ ಬಿಟ್ಟಿದೀರಿ? ಅಜ್ಜ ಹೊಲಕ್ಕೆ ಹೋಗೋದು ಬಿಟ್ಟು ಎಷ್ಟೋ ದಿನ ಆಗಿತ್ತು. ನಡೆದರೆ ತಾನೇ ದಮ್ಮು? ಅಂಚಿನಲ್ಲಿ ಅದನ್ನೂ ಬರೆದಿಟ್ಟೆ. ಡಾಕ್ಟರು ಓದಿ, ಎದೆಗೂಡಿನಲ್ಲಿ ನೀರು ತುಂಬಿದೆಯಾ ಅಂತ ಮತ್ತೊಮ್ಮೆ ನೋಡಿಸಿದರು.

ಒಂದೇ ಸಲದ ಅಂಕ ನನಗೆ ಅಷ್ಟೇನೂ ಹೇಳೋದಿಲ್ಲ. ಕಳೆದ ಸಲಕ್ಕಿಂತ 10 ಅಂಕ ಆಚೀಚೆ ಆದರೆ ಕೆಂಪು ಪೆನ್ನಿನಲ್ಲಿ ಸುತ್ತುಹಾಕುತ್ತೇನೆ. ಕೈಕಾಲು ಜೋಮು ಹಿಡಿಸಬಲ್ಲ ಕಿಮೋ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್ ಹೋಗುತ್ತಿರುವವರಲ್ಲಿ ಜೋಮಿನ ಸಾಲು ಮೇಲೇರಿದರೆ ಅಂಗಿ ಗುಂಡಿ ಹಾಕಿ ತೋರಿಸಿ ಅಂತೀನಿ. ಬೆರಳು ತಡವರಿಸೋದು ಅಲ್ಲೇ ಕಾಣುತ್ತೆ. ಡೋಸ್ ತೀರ್ಮಾನ ಡಾಕ್ಟರದ್ದು, ಆದರೆ ಆ ಹಾಳೆ ಅವರ ಕೈಗೆ ಹೋಗಲೇಬೇಕು. ಫೈಲಿನೊಳಗೆ ಮಲಗಿದ ಫಾರಂ ಯಾರಿಗೂ ಉಪಯೋಗವಿಲ್ಲ.

ಹಣದ ತೊಂದರೆಗೆ ಸಿ30ರಲ್ಲಿ ಇರೋದು ಒಂದೇ ಪ್ರಶ್ನೆ. ಕಾರ್ಡಿನಲ್ಲಿ ಚಿಕಿತ್ಸೆ ಆದರೂ ಬಸ್ ಚಾರ್ಜು, ಜೊತೆಗೆ ಬಂದವರ ಊಟ, ತಪ್ಪಿದ ಕೂಲಿ ಯಾರ ಕಾರ್ಡಿಗೂ ಬರೋದಿಲ್ಲ. ಗಂಡಸರು ಸಾಮಾನ್ಯವಾಗಿ "ಏನಿಲ್ಲ ಬಿಡ್ರಿ" ಅಂದು ಮುಂದಕ್ಕೆ ಹೋಗ್ತಾರೆ. "ತುಂಬಾ" ಅಂದವರ ಹೆಸರನ್ನ ಅಂಕ ಹಾಕೋದಕ್ಕೂ ಮೊದಲು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಗೆ ಮುಟ್ಟಿಸುತ್ತೇನೆ.