ಡಬ್ಬಿಯಿಂದ ಹೊಲಕ್ಕೆ: ಪುಟಾಣಿಗಳಿಗೆ ನಮ್ಮ ಊಟ, ನಮ್ಮ ಬೆಳೆ ಪರಿಚಯಿಸುವುದು ಹೇಗೆ?

ಹುಬ್ಬಳ್ಳಿ–ಧಾರವಾಡದ ಬಹಳಷ್ಟು ಎಲ್‌ಕೆಜಿ ಕ್ಲಾಸುಗಳ ಗೋಡೆ ಮೇಲೆ ಸೇಬು, ಸ್ಟ್ರಾಬೆರಿ, ಬ್ರೊಕೋಲಿ ಇರುತ್ತವೆ. ನವಲೂರಿನ ಪೇರಲ ಇಲ್ಲ, ಬಾರಿಹಣ್ಣು ಇಲ್ಲ, ಪುಂಡಿಪಲ್ಯ ಇಲ್ಲ. ಮಗು ದಿನಾ ತಿನ್ನುವ ಜೋಳವಂತೂ ಯಾವ ಚಾರ್ಟಿನಲ್ಲೂ ಕಾಣುವುದಿಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಬೇಸಾಯ ತಿಳಿಸಲು ಚಾರ್ಟು ಬೇಕಾಗಿಯೂ ಇಲ್ಲ. ತಿನ್ನುವ ಊಟದಿಂದ ಶುರು ಮಾಡಿ ಹಿಂದಕ್ಕೆ ಹೊಲದ ತನಕ ಹೋದರಾಯಿತು. ಜೂನ್‌ನಲ್ಲೇ ಶುರು ಮಾಡಿ, ಮುಂಗಾರು ಕೈ ಹಿಡಿಯುತ್ತದೆ.

ಮೊದಲು ಡಬ್ಬಿ ತೆಗೆಸಿ

ಊಟದ ಹೊತ್ತಿಗೆ ಒಂದೇ ಡಬ್ಬಿ ಹಿಡಿದು ಕೇಳುತ್ತಾ ಹೋಗಿ. "ಈ ರೊಟ್ಟಿ ಎಲ್ಲಿಂದ ಬಂತು?" "ಅವ್ವ ಮಾಡ್ಯಾಳ್ರಿ." "ಅವ್ವಗ ಹಿಟ್ಟು ಎಲ್ಲಿಂದ ಬಂತು?" "ಗಿರಣಿಯಿಂದ." "ಗಿರಣಿಗೆ?" ಇಲ್ಲಿಗೆ ಮಾತು ನಿಲ್ಲುತ್ತದೆ, ಇಲ್ಲವೇ "ಚೀಲದಾಗಿಂದ" ಎಂಬ ಉತ್ತರ ಬರುತ್ತದೆ. ಆಗ ನೀವು ಉತ್ತರ ಹೇಳಬೇಡಿ. ಮರುದಿನ ಒಂದು ಸೇರು ಜೋಳ ಕಟ್ಟಿಕೊಂಡು ಮಕ್ಕಳನ್ನು ಓಣಿಯ ಹಿಟ್ಟಿನ ಗಿರಣಿಗೇ ಕರೆದೊಯ್ಯಿರಿ. ಖರ್ಚಿಲ್ಲ, ಬಸ್ ಬೇಡ. ಮೇಲೆ ಕಾಳು ಸುರಿಯುವುದು, ಕೆಳಗೆ ಹಿಟ್ಟು ಬೀಳುವುದು ಎರಡನ್ನೂ ಮಕ್ಕಳು ದೂರ ನಿಂತು ನೋಡಲಿ. ಬೆಲ್ಟಿನ ಹತ್ತಿರ ಯಾರೂ ಹೋಗಬಾರದು. ಹೊರಗೆ ಬಂದ ಮೇಲೆ ಒಂದೊಂದು ಚಿಟಿಕೆ ಹಿಟ್ಟು ಅಂಗೈಗೆ ಹಾಕಿ. ಹಿಟ್ಟು ಬಿಸಿ ಇರುತ್ತದೆ ಅನ್ನುವುದೇ ಎಷ್ಟೋ ಮಕ್ಕಳಿಗೆ ಹೊಸ ಸುದ್ದಿ.

ಅಂಗನವಾಡಿಯವರಿಗೆ ಇನ್ನೂ ಅನುಕೂಲ. ಅಡುಗೆ ಅಲ್ಲೇ ಆಗುವುದರಿಂದ ಕಾಳು ಆರಿಸುವುದು, ಪಲ್ಯ ಸೋಸುವುದು ಮಕ್ಕಳ ಎದುರಿಗೇ ನಡೆಯಲಿ.

ಎರಡು ಬಗೆಯ ಮಣ್ಣು ತನ್ನಿ

ನವಲಗುಂದ, ರೋಣದ ಕಡೆ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಧಾರವಾಡದಿಂದ ಕಲಘಟಗಿ ಕಡೆ ಹೋದರೆ ಕೆಂಪು ಮಣ್ಣು. ಎರಡನ್ನೂ ಒಂದೊಂದು ಬುಟ್ಟಿ ತರಿಸಿ ನೀರು ಹಾಕಿಸಿ. ಎರೆ ಮಣ್ಣು ಕೈಗೆ ಅಂಟುತ್ತದೆ, ಉಂಡೆ ಕಟ್ಟಲು ಬರುತ್ತದೆ. ಮರಳು ಜಾಸ್ತಿ ಇರುವ ಕೆಂಪು ಮಣ್ಣು ಉದುರುತ್ತದೆ. ನೀರು ಯಾವುದರಲ್ಲಿ ಬೇಗ ಇಳಿಯಿತು ಅನ್ನುವುದನ್ನೂ ಮಕ್ಕಳೇ ಹೇಳಲಿ. ಇದಕ್ಕೆ ಮಣ್ಣೆತ್ತಿನ ಅಮಾವಾಸ್ಯೆಯ ವಾರಕ್ಕಿಂತ ಒಳ್ಳೆಯ ಹೊತ್ತಿಲ್ಲ. ಎತ್ತು ಮಾಡುತ್ತಲೇ ಪಾಠ ಮುಗಿದಿರುತ್ತದೆ.

ಹೆಸರುಕಾಳು ಬಿತ್ತಿ

ಹತ್ತು ಬೆಳೆ ಬೇಡ, ಒಂದು ಸಾಕು. ನಮ್ಮ ಭಾಗಕ್ಕೆ ಹೆಸರುಕಾಳು ಹೇಳಿ ಮಾಡಿಸಿದ ಬೆಳೆ. ಮೂರ್ನಾಲ್ಕು ದಿನಕ್ಕೆ ಮೊಳಕೆ, ಐದಾರು ವಾರಕ್ಕೆ ಹೂವು, 60–70 ದಿನಕ್ಕೆ ಕಾಯಿ ಕರ್ರಗಾಗಿ ಕೊಯ್ಲಿಗೆ ಬರುತ್ತದೆ. ಜೂನ್ ಮೊದಲ ವಾರ ಹಾಕಿದರೆ ಪಂಚಮಿ ಉಂಡಿ ಕಟ್ಟುವ ಹೊತ್ತಿಗೆ ಗಿಡದಲ್ಲಿ ಕಾಯಿ ಕಾಣುತ್ತವೆ.

ಬೀಜ ಮಾತ್ರ ಅಡುಗೆಮನೆಯ ಡಬ್ಬದ್ದೇ ಇರಲಿ. ಬೀಜದಂಗಡಿಯ ಪಾಕೀಟಿನ ಕಾಳಿಗೆ ಔಷಧ ಹಚ್ಚಿರುತ್ತಾರೆ. ಗುಲಾಬಿ, ಹಸಿರು ಬಣ್ಣ ಕಂಡರೆ ಮಕ್ಕಳು ಬಾಯಿಗೇ ಹಾಕಿಕೊಳ್ಳುತ್ತಾರೆ. ಅಂಗಳ ಇಲ್ಲದಿದ್ದರೆ ಹಳೆಯ ಎಣ್ಣೆ ಡಬ್ಬಿಯ ಅಂಚು ಬಡಿದು ಮಡಚಿ, ತಳಕ್ಕೆ ತೂತು ಹಾಕಿ, ಮಣ್ಣು ತುಂಬಿ. ಒಬ್ಬೊಬ್ಬರಿಗೆ ಒಂದೊಂದು ಕುಂಡ ಅಂತ ಕೊಡಬೇಡಿ. ಒಬ್ಬರ ಗಿಡ ಒಣಗಿದರೆ ಅಳು ನಿಲ್ಲಿಸುವುದೇ ದೊಡ್ಡ ಕೆಲಸ. ಐದು ಮಕ್ಕಳಿಗೆ ಒಂದು ಡಬ್ಬಿ ಸರಿ. ಹುಳ ಬಿದ್ದರೆ ಬೀಳಲಿ, ಅದನ್ನೂ ನೋಡಲಿ.

ಹಿಂಗಾರಿನ ಹೊತ್ತಿಗೆ ಬುಡಸಮೇತ ಕಿತ್ತ ಒಂದು ಶೇಂಗಾ ಗಿಡ ತರಿಸಿ. ಹೂವು ಮೇಲೆ, ಕಾಯಿ ಮಣ್ಣೊಳಗೆ! ದೊಡ್ಡವರಿಗೂ ಇದು ವಿಚಿತ್ರವೇ ಅಲ್ವಾ? ಆದರೆ ಇಡೀ ಶೇಂಗಾ ಬೀಜ, ಕಡಲೆ ತಿನ್ನಲು ಕೊಡಬೇಡಿ. ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಪುಡಿ ಮಾಡಿ ಕೊಡಿ. ಯಾವ ಮಗುವಿಗೆ ಏನು ಆಗಿಬರುವುದಿಲ್ಲ ಅಂತ ಮನೆಯವರನ್ನು ಮೊದಲೇ ಕೇಳಿ ಬರೆದಿಡಿ.

ಮಕ್ಕಳೇ ರೊಟ್ಟಿ ಬಡಿಯಲಿ

ಒಬ್ಬ ಅಜ್ಜಿಯನ್ನು ಕರೆಯಿರಿ. ಭಾಷಣ ಮಾಡಿ ಅನ್ನಬೇಡಿ, ಮುಂದೆ ಕೊಮ್ಮಣಿಗೆ (ಹಿಟ್ಟು ನಾದುವ ಮರದ ಪಾತ್ರೆ) ಇಡಿ. ಜೋಳದ ಹಿಟ್ಟಿಗೆ ಗೋಧಿಯಂಥ ಜಿಗುಟಿಲ್ಲ, ಹಾಗಾಗಿ ಬಿಸಿ ನೀರಲ್ಲೇ ನಾದಬೇಕು. ನಾದುವುದು ಅಜ್ಜಿ. ಹಿಟ್ಟು ಆರಿದ ಮೇಲೆ ನಿಂಬೆಹಣ್ಣಿನಷ್ಟು ಉಂಡೆ ಮಕ್ಕಳ ಕೈಗೆ. ಅಂಚು ಸೀಳುತ್ತದೆ, ಸೀಳಲಿ. ಹಂಚಿನ ಹತ್ತಿರ ದೊಡ್ಡವರು ಮಾತ್ರ.

ಹೊಲಕ್ಕೆ ಹೋಗುವುದು

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ದೊಡ್ಡವರಿಗೆ ಚಂದ. ನಾಲ್ಕು ವರ್ಷದ ಮಗುವಿಗೆ ಅಲ್ಲಿ ಕಾಣುವುದು ಜನರ ಕಾಲು ಮಾತ್ರ. ಹತ್ತಿರದ ಒಂದು ಹೊಲ ಸಾಕು. ಬದನೆಕಾಯಿ ವೇಷ ಹಾಕಿಸಿ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವ 'ತರಕಾರಿ ದಿನ'ಕ್ಕಿಂತ ಬದನೆಯ ತೊಟ್ಟಿನ ಮುಳ್ಳು ಒಮ್ಮೆ ಮುಟ್ಟಿಸುವುದು ಮೇಲು.

ಹೋಗುವ ಮೊದಲು "ಕಾಕಾ, ಹೊಲಕ್ಕ ಎಣ್ಣಿ ಹೊಡದೀರೇನ್ರಿ?" ಅಂತ ಕೇಳಲೇಬೇಕು. ಕೀಟನಾಶಕ ಹೊಡೆದು ಹೆಚ್ಚು ದಿನ ಆಗಿರದಿದ್ದರೆ ಆ ಹೊಲ ಬೇಡ. ಹತ್ತಿ, ಮೆಣಸಿನ ಗಿಡಕ್ಕೆ ಔಷಧ ಜಾಸ್ತಿ, ಅವನ್ನು ಬದುವಿನ ಮೇಲಿಂದಲೇ ನೋಡಿ. ಬಿಸಿಲೇರುವ ಮೊದಲು ಹೋಗಿ, ಒಂದು ತಾಸಿಗೆ ವಾಪಸ್ ಬನ್ನಿ.

ಡಿಸೆಂಬರ್–ಜನವರಿಯಲ್ಲಿ ಹೋದರೆ ಸೀತನಿ ಸಿಗುತ್ತದೆ. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಕಾಳು ಕೊಡುತ್ತಾರೆ. ಸುಡುವುದು, ತಿಕ್ಕುವುದು ದೊಡ್ಡವರ ಕೆಲಸ. ಹೊಟ್ಟು ಊದುವುದಕ್ಕೆ ಮಕ್ಕಳೇ ಮುಂದು.

ಹಾವೇರಿಯವರಿಗೆ ಒಂದು ಪ್ರಯೋಗ

2011ರಲ್ಲಿ ಭೌಗೋಳಿಕ ಸೂಚಕ (ಆ ಭಾಗದ್ದೇ ವಿಶೇಷ ಎಂಬ ಅಧಿಕೃತ ಗುರುತು) ಮಾನ್ಯತೆ ಪಡೆದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಒಂದು ಗಾಜಿನ ಲೋಟದಲ್ಲಿ ನೀರು, ಇನ್ನೊಂದರಲ್ಲಿ ಬೆಚ್ಚಗಿನ ಎಣ್ಣೆ ಇಡಿ. ಎರಡಕ್ಕೂ ಚೂರು ಮಾಡಿದ ಮೆಣಸಿನಕಾಯಿ ಹಾಕಿ. ಎಣ್ಣೆ ಕೆಂಪಾಗುತ್ತದೆ, ನೀರಿಗೆ ಅಷ್ಟು ಬಣ್ಣ ಬರುವುದಿಲ್ಲ. ಒಗ್ಗರಣೆಗೆ ಆ ಬಣ್ಣ ಎಲ್ಲಿಂದ ಅಂತ ಆಗ ಕೇಳಿ. ಮೆಣಸಿನಕಾಯಿ ಮುರಿಯುವುದು ಟೀಚರೇ. ಲೋಟಗಳೂ ಮೇಜಿನ ಆಚೆ ಬದಿಗೇ ಇರಲಿ, ಕೈ ಸೀದಾ ಕಣ್ಣಿಗೆ ಹೋಗುವ ವಯಸ್ಸು.