ಕಾಸ್ಟಿಕ್ ಸೋಡಾದಲ್ಲಿ ಬಣ್ಣ ಕಳಚಿದ ಹಂಟರ್‌ಗಳು

ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ ವಿಮಾನದ ಕಿಟ್‌ಗಳ ಮೇಲಿನ ಹಳೆಯ ಎನಾಮಲ್ ಬಣ್ಣ ಒಮ್ಮೆ ಕಲ್ಲಾದರೆ ಬಿಡುವುದಿಲ್ಲ, ಬಿಡಿಸಲು ಹೋದರೆ ಪ್ಲಾಸ್ಟಿಕ್ಕೇ ಹೋಗುತ್ತದೆ, ಹೊಸ ಕಿಟ್ ತರಿಸಿಕೊಳ್ಳಿ ಎಂದು ಇಲ್ಲಿನ ಕಿಟ್ ಕಟ್ಟುವ ಗೆಳೆಯರೆಲ್ಲ ಹೇಳಿದ್ದರು. ಹೊಸ ಕಿಟ್‌ಗೆ ಅಂಚೆ ವೆಚ್ಚ, ಸುಂಕ ಎಲ್ಲ ಸೇರಿದರೆ ಎಷ್ಟಾಗುತ್ತದೆಂದು ಅವರಿಗೂ ಗೊತ್ತು. ನನ್ನ ಬಳಿ ಇದ್ದದ್ದು ಮನೆ ಖಾಲಿ ಮಾಡುತ್ತಿದ್ದವರಿಂದ ಸುಮಾರು ಎರಡು ಸಾವಿರಕ್ಕೆ ಕೊಂಡ ಒಂದು ಪೆಟ್ಟಿಗೆ: ನಿಜ ವಿಮಾನದ 1/72 ಅಳತೆಯ ಹಂಟರ್ ಯುದ್ಧವಿಮಾನಗಳು, ಒಂದೆರಡು ಮಿಗ್-21, ಮುರಿದ ರೆಕ್ಕೆಗಳು. ಎಲ್ಲಕ್ಕೂ ದಪ್ಪ ಬ್ರಷ್ಷಿನಲ್ಲಿ ಬಳಿದ ಎನಾಮಲ್. ತಗಡುಗಳ ಜೋಡಣೆ ತೋರಿಸುವ ಪ್ಯಾನಲ್ ಗೆರೆಗಳು ಪೂರ್ತಿ ಮುಚ್ಚಿಹೋಗಿದ್ದವು. 1971ರ ಯುದ್ಧದಲ್ಲಿ ಜೈಸಲ್ಮೇರ್‌ನಿಂದ ಲೋಂಗೇವಾಲಾ ಕದನಕ್ಕೆ ಹಾರಿದ ಹಂಟರ್‌ಗಳನ್ನು ಮಾಡಬೇಕೆಂಬುದು ನನ್ನ ಬಹುಕಾಲದ ಆಸೆ. ಪೆಟ್ಟಿಗೆಯನ್ನು ಬಿಸಾಡುವ ಮನಸ್ಸಾಗಲಿಲ್ಲ.

ಮೊದಲು ಎಲ್ಲರಂತೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸರ್ಕ್ಯೂಟ್ ಬೋರ್ಡ್ ತೊಳೆಯಲು ಮಾರುವ ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆ. ಲೀಟರಿಗೆ ಮುನ್ನೂರರ ಆಸುಪಾಸು ಕೊಟ್ಟ ನೆನಪು. ಒಂದು ಹಂಟರ್‌ಗೆ ಯಾರೋ ಎನಾಮಲ್ ಮೇಲೆ ಅಕ್ರಿಲಿಕ್ ಬಳಿದಿದ್ದರು. ಅದು ಅರ್ಧ ಗಂಟೆಯಲ್ಲಿ ಸಿಪ್ಪೆಯಂತೆ ಎದ್ದಿತು. ಕೆಳಗಿನ ಎನಾಮಲ್ ಎರಡು ರಾತ್ರಿ ನೆನೆದರೂ ತುಸು ಮೆತ್ತಗಾಯಿತೇ ಹೊರತು ಬಿಡಲಿಲ್ಲ. ಮುಂದಿನ ಸರದಿ ಡೆಟಾಲ್‌ನದು. ಅಕ್ರಿಲಿಕ್‌ಗೆ ಇದೂ ಒಳ್ಳೆಯದೇ, ಆದರೆ ಬಣ್ಣ ಕರಗುತ್ತಿರುವಾಗ ನೀರು ತಗುಲಿದರೆ ಅಂಟು ಕೆಸರಾಗಿ ಗೆರೆಗಳೊಳಗೆ ಕೂರುತ್ತದೆ. ಮೊದಲ ತೊಳೆತವನ್ನು ಹೊಸ ಡೆಟಾಲ್‌ನಲ್ಲೇ ಮಾಡಬೇಕು, ಆಮೇಲಷ್ಟೇ ಪಾತ್ರೆ ಸೋಪು, ನೀರು. ಲೀಟರುಗಟ್ಟಲೆ ಸುರಿಯಲು ಅದು ದುಬಾರಿ. ಬ್ರೇಕ್ ಆಯಿಲ್ ಎನಾಮಲ್ಲನ್ನು ಬಿಡಿಸಿತು, ಒಪ್ಪುತ್ತೇನೆ. ಆದರೆ ವಾರಗಟ್ಟಲೆ ಬಿಟ್ಟ ಒಂದು ಬಾಲದ ರೆಕ್ಕೆ ಮುಟ್ಟಿದ ಕೂಡಲೇ ಚಟ್ ಎಂದು ಮುರಿಯಿತು. ಥಿನ್ನರ್, ಅಸಿಟೋನ್ ವಿಷಯ ಹೇಳಬೇಕಿಲ್ಲ, ಅವು ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ.

ಕೊನೆಗೆ ಗೆಲುವು ತಂದುಕೊಟ್ಟದ್ದು ಸೋಪು ಮಾಡುವವರು ಬಳಸುವ ಕಾಸ್ಟಿಕ್ ಸೋಡಾ. ಎನಾಮಲ್‌ನಲ್ಲಿ ಎಣ್ಣೆ ಇದೆ, ಕಾಸ್ಟಿಕ್ ಆ ಎಣ್ಣೆಯನ್ನು ಸೋಪು ಮಾಡುತ್ತದೆ, ಕಿಟ್‌ನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್‌ಗೆ ಏನೂ ಮಾಡುವುದಿಲ್ಲ. ಲೀಟರ್ ನೀರಿಗೆ ಐವತ್ತು ಗ್ರಾಂನಷ್ಟು ಹಾಕುತ್ತೇನೆ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಎಂದಿಗೂ ಸುರಿಯಬಾರದು. ಕರಗುವಾಗ ದ್ರಾವಣ ಬಿಸಿಯಾಗುತ್ತದೆ. ಬಿಸಿಯಲ್ಲಿ ತೆಳುವಾದ ರೆಕ್ಕೆ ಬಾಗುವ ಭಯವಿರುವುದರಿಂದ ಪೂರ್ತಿ ಆರಿದ ಮೇಲಷ್ಟೇ ವಿಮಾನ ಇಳಿಸುತ್ತೇನೆ. ಅಲ್ಯೂಮಿನಿಯಂ ಪಾತ್ರೆ ಹತ್ತಿರಕ್ಕೂ ಬರಕೂಡದು. ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿ ಸಾಕು. ಉದ್ದ ರಬ್ಬರ್ ಕೈಗವಸು, ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ ಇಲ್ಲದೆ ಡಬ್ಬಿ ತೆರೆಯಬೇಡಿ, ಮನೆಯಲ್ಲಿ ಮಕ್ಕಳಿದ್ದರೆ ಬೀಗದೊಳಗಿಡಿ.

ತೆಳು ಬಣ್ಣ ಒಂದು ರಾತ್ರಿಯಲ್ಲಿ ಎದ್ದಿತು. ದಪ್ಪನೆಯದಕ್ಕೆ ಎರಡು ಮೂರು ದಿನ, ನಡುವೆ ಒಮ್ಮೆ ಹೊಸ ದ್ರಾವಣ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನೀರಿನೊಳಗೇ ಉಜ್ಜುತ್ತೇನೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಒಣ ಪುಡಿ ಗಾಳಿಗೆ ಏಳಬಾರದು. ಕೆಸರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಇಡುತ್ತೇನೆ. ಕೊನೆಗೆ ಸಾಕಷ್ಟು ನೀರು, ತೆಳು ವಿನೆಗರ್, ಮತ್ತೆ ನೀರು. ಮೊದಲ ಹಂಟರ್‌ನ ಬೆನ್ನಿನ ಮೇಲೆ ಅಚ್ಚಿನ ರಿವೆಟ್‌ಗಳು ಒಂದೊಂದಾಗಿ ಕಾಣಿಸಿಕೊಂಡಾಗ ಆದ ಸಂತೋಷ ದೊಡ್ಡದು. ಬಿಡುವುದಿಲ್ಲ ಎಂದಿದ್ದವರಲ್ಲೇ ಇಬ್ಬರು ಈಗ ತಮ್ಮ ಕಿಟ್‌ಗಳನ್ನು ನನ್ನ ಬಳಿ ಕಳಿಸುತ್ತಿದ್ದಾರೆ.

ಕಾಸ್ಟಿಕ್ ಸೋಲುವುದು ಸ್ಪ್ರೇ ಡಬ್ಬಿಯ ಕಾರು ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಎದುರು. ಅದು ತೆಳುವಾಗಿದ್ದರೆ ಹಾಗೇ ಬಿಟ್ಟು ಮೇಲೆ ಬಣ್ಣ ಹೊಡೆಯುವುದು ಜಾಣತನ. ಟ್ಯೂಬ್ ಅಂಟಿನ ಜೋಡಣೆಗಳು ಅಲುಗಲಿಲ್ಲ, ಸೂಪರ್ ಗ್ಲೂ ಹಾಕಿದ್ದ ಜಾಗಗಳು ಕೆಲವು ಬಿಟ್ಟುಕೊಂಡವು. ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನಪಿ, ಬಿಚ್ಚಲಾಗದಿದ್ದರೆ ನಾನು ಅದನ್ನು ಕಾಪಾಡುವ ಉಪಾಯ ಬೇರೆ ಇದೆ. ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಇದರ ನಡುವೆ ಅಂಟುವಾಳದ ನೊರೆಯನ್ನೂ ಪ್ರಯತ್ನಿಸಿದೆ. ಬಣ್ಣಕ್ಕೆ ಏನೂ ಆಗಲಿಲ್ಲ, ಆದರೆ ಪ್ರೈಮರ್ ಹೊಡೆಯುವ ಮುಂಚೆ ಬೆರಳಿನ ಜಿಡ್ಡು ತೆಗೆಯಲು ಪಾತ್ರೆ ಸೋಪಿಗಿಂತ ಇದನ್ನೇ ಮೆಚ್ಚಿಕೊಂಡಿದ್ದೇನೆ. ಆಟಿಕೆ ಕಾರಿನ ಹೊಳಪು ಕ್ರೋಮ್ ಲೇಪವಂತೂ ಕಾಸ್ಟಿಕ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಮಾಯವಾಯಿತು. ವಿಮಾನದ ಗುರುತುಗಳನ್ನು ಅಂಟಿಸುವ, ಹಳದಿಯಾಗಿದ್ದ ಡಿಕಾಲ್ ಹಾಳೆಯನ್ನು ಕಿಟಕಿಯ ಗಾಜಿಗೆ ಅಂಟಿಸಿ ಬಿಸಿಲಿಗೆ ಬಿಟ್ಟೆ. ಎರಡು ಮೂರು ವಾರದಲ್ಲಿ ಬಿಳುಪಾಯಿತು, ಲೋಂಗೇವಾಲಾ ಹಂಟರ್‌ಗೆ ಅದರದೇ ವಾಯುಪಡೆಯ ವೃತ್ತಚಿಹ್ನೆ ಹಾಕುವವನಿದ್ದೇನೆ.

ಕಿಲೋ ಕಾಸ್ಟಿಕ್‌ಗೆ ನಾನು ಕೊಟ್ಟದ್ದು ನೂರರ ಹತ್ತಿರ. ಇಡೀ ಪೆಟ್ಟಿಗೆಗೆ ಅರ್ಧ ಕಿಲೋ ಕೂಡ ಖರ್ಚಾಗಿಲ್ಲ. ಉಳಿದದ್ದನ್ನು ಬಿಗಿ ಮುಚ್ಚಳದಲ್ಲಿ ಇಡಿ, ಮಳೆಗಾಲದ ತೇವ ಹೀರಿ ಗಟ್ಟಿಯಾದರೆ ತೂಕದ ಲೆಕ್ಕವೇ ತಪ್ಪುತ್ತದೆ.